ಕಾಳಪ್ಪನವರ ಸವಾರಿ

ನಮ್ಮ ಮನೆಯಿಂದ ಚಹಾದಂಗಡಿಗೆ ಸರಿಯಾಗಿ 312 ಹೆಜ್ಜೆ. ನಿವೃತ್ತನಾದ ಮೇಲೆ ಎಣಿಸಿದ್ದು. ಗಣಿತದ ಮಾಸ್ತರನಿಗೆ ಬೇರೆ ಏನು ಕೆಲಸ ಇರುತ್ತೆ ಹೇಳಿ. ಮೊದಲು ಇಷ್ಟು ದೂರಕ್ಕೆ ನಮಗೆ ಎರಡೇ ನಿಮಿಷ ಸಾಕಾಗುತ್ತಿತ್ತು. ಅದೂ ನಾನು ನಡೆಯುತ್ತಿದ್ದೆ ಅನ್ನೋಹಾಗಿಲ್ಲ. ಕಾಳ್ಯಾ ಎಳೆಯುತ್ತಿದ್ದ, ನಾನು ಚಪ್ಪಲಿ ಉಳಿಸಿಕೊಳ್ಳುತ್ತಿದ್ದೆ. ಈಗ ಅದೇ ದಾರಿಗೆ ಮುಕ್ಕಾಲು ತಾಸು ಬೇಕು.

ಕಾಳ್ಯಾ ಮುಧೋಳ ನಾಯಿ. ವಯಸ್ಸು 13. ಮುಧೋಳದ ಹತ್ತಿರದ ಹಳ್ಳಿಯಲ್ಲಿರುವ ನನ್ನ ಹಳೇ ವಿದ್ಯಾರ್ಥಿಯೊಬ್ಬ ಕೊಟ್ಟದ್ದು. ಕೈಚೀಲದಲ್ಲಿ ಹಾಕಿಕೊಂಡು ಲೋಕಾಪುರ, ಕಲಾದಗಿ ದಾಟಿ ಬಸ್ಸಿನಲ್ಲಿ ಬಾಗಲಕೋಟೆಗೆ ತಂದೆ. ದಾರಿಯಲ್ಲಿ ಚೀಲ ಕುಂಯ್ ಅಂತು. ಕಂಡಕ್ಟರ್ ನಿಂತ. "ಏನೈತ್ರಿ ಚೀಲದಾಗ?" ಅಂದ. ನನಗೆ ತಕ್ಷಣ ಬಾಯಿಗೆ ಬಂದದ್ದು, "ಬದನಿಕಾಯಿ." ಆತ ಒಂದು ಕ್ಷಣ ಚೀಲ ನೋಡಿದ. "ಭಾಳ ಎಳೀ ಬದನಿಕಾಯಿ ಇರಬೇಕ್ರಿ, ಅಳಾಕತ್ತೈತಿ" ಅಂತ ಹೇಳಿ ಮುಂದಿನ ಸೀಟಿಗೆ ಹೋದ.

ಆಗ ಮೂಗಿನಿಂದ ಬಾಲದ ತುದಿಯವರೆಗೆ ಅಪ್ಪಟ ಕಪ್ಪು. ಹೆಸರು ಹುಡುಕುವ ತ್ರಾಸೇ ಇರಲಿಲ್ಲ. ಈಗ ನೋಡಿದರೆ ಬಾಯಿ, ಹುಬ್ಬು, ಗದ್ದ ಎಲ್ಲಾ ಬೆಳ್ಳಗಾಗಿದೆ. ಮಜ್ಜಿಗೆ ಗಡಿಗೆಗೆ ಮುಖ ಹಾಕಿ ಸಿಕ್ಕಿಬಿದ್ದವನ ಹಾಗೆ ಕಾಣುತ್ತಾನೆ. "ಇವಗ ಕಾಳ್ಯಾ ಅಂತ ಕರಿಯಾಕ ನನಗ ನಾಚಿಕಿ ಬರತೈತ್ರಿ" ಅಂತ ನನ್ನ ಹೆಂಡತಿ ಈಚೆಗೆ ಅಜ್ಜಾ ಅಂತಲೇ ಕರೆಯುತ್ತಾಳೆ. ನಾನು ಕಾಳಪ್ಪ ಅನ್ನುತ್ತೇನೆ. ಓಣಿಯವರ ಎದುರಿಗೆ ಕಾಳಪ್ಪನವರು.

ಈ ಬಡ್ತಿ ಸುಮ್ನೆ ಕೊಟ್ಟದ್ದಲ್ಲ, ಅದಕ್ಕೊಂದು ಲೆಕ್ಕ ಇದೆ. ನಾಯಿಯ ವಯಸ್ಸಿಗೆ ಏಳರಿಂದ ಗುಣಿಸಿ ಅಂತ ಎಲ್ಲರೂ ಹೇಳುತ್ತಾರೆ. ಹಾಗೆ ಗುಣಿಸಿದರೆ 91 ಬರುತ್ತೆ. ಆದರೆ ಪಶುವೈದ್ಯರು ಹಿಡಿಯುವ ಲೆಕ್ಕ ಬೇರೆ. ನಾಯಿಯ ಮೊದಲ ವರ್ಷಕ್ಕೆ ನಮ್ಮ 15, ಎರಡನೆಯದಕ್ಕೆ 9, ಆಮೇಲೆ ವರ್ಷಕ್ಕೆ ಸುಮಾರು ಐದರಂತೆ. ದೊಡ್ಡ ಜಾತಿಯ ನಾಯಿಗಳಿಗೆ ಇನ್ನಷ್ಟು ಜಾಸ್ತಿ. ನನಗೆ ಈ ಲೆಕ್ಕವೇ ಸರಿ ಕಂಡಿತು. ಒಂದೇ ವರ್ಷಕ್ಕೆ ಮೀಸೆ ಬಂದ ಹುಡುಗನ ಹಾಗೆ ಆಡುವ ನಾಯಿಗೆ ಏಳು ವರ್ಷ ಅಂದರೆ ಯಾರು ಒಪ್ಪುತ್ತಾರೆ? ಅಂತೂ ಕಾಳಪ್ಪನಿಗೆ ಈಗ 79. ನನಗೆ 61. ಅವನು ಬಂದಾಗ ನನಗೆ 48, ಅವನು ಕೂಸು. ಅವನ ಎಂಟು ಒಂಬತ್ತನೇ ವರ್ಷದ ನಡುವೆ ಯಾವುದೋ ಒಂದು ದಿನ ನಾವಿಬ್ಬರೂ ಸಮವಯಸ್ಕರಾಗಿದ್ದೆವು. ಆ ದಿನ ಏನು ಮಾಡುತ್ತಿದ್ದೆವೋ, ನೆನಪಿಲ್ಲ. ಬಹುಶಃ ಅವನು ನನ್ನ ಕೊರಳಪಟ್ಟಿ ಹಿಡಿದು ಎಳೆದಂತೆ ಚಹಾದಂಗಡಿಗೆ ಎಳೆದುಕೊಂಡು ಹೋಗುತ್ತಿದ್ದಿರಬೇಕು. ಮರುದಿನದಿಂದ ಅವನು ಹಿರಿಯ. ಹಿರಿಯರಿಗೆ ಏಕವಚನ ಚಂದ ಅಲ್ಲ.

ಬೆಳಿಗ್ಗೆ ಆರಕ್ಕೆ ಸವಾರಿ ಹೊರಡುತ್ತದೆ. ಬೇಸಿಗೆಯಲ್ಲಿ ಐದೂವರೆಗೇ. ನಮ್ಮೂರಿನ ಬಿಸಿಲು 40 ಡಿಗ್ರಿ ದಾಟುವ ದಿನಗಳಲ್ಲಿ ಎಂಟು ಗಂಟೆಗೇ ಡಾಂಬರು ಕಾಯತೊಡಗುತ್ತೆ, ಪಾದ ಸುಡುತ್ತೆ. ಮೊದಲ ನಿಲುಗಡೆ ನಮ್ಮದೇ ಗೇಟು. ಎರಡನೆಯದು ಪಕ್ಕದ ಮನೆಯ ಕರೆಂಟ್ ಕಂಬ. ಕಂಬದ ಬುಡದಲ್ಲಿ ಕಾಳಪ್ಪ ಮೂಗು ಇಟ್ಟರೆ ಮುಗಿಯಿತು. ಹೊಲದ ಸರ್ವೆಗೆ ಬಂದ ತಲಾಠಿಯನ್ನು ನೀವು ನೋಡಿದ್ದರೆ ಗೊತ್ತಾಗುತ್ತೆ. ಬದು ಎಲ್ಲಿತ್ತು, ಈಗ ಎಲ್ಲಿಗೆ ಸರಿದಿದೆ, ರಾತ್ರಿ ಯಾರು ಒತ್ತುವರಿ ಮಾಡಿದರು, ಅದು ಹಳೇ ಗಿರಾಕಿಯೋ ಹೊಸಬನೋ, ಎಲ್ಲಾ ಉತಾರ ತೆಗೆದು ನೋಡಬೇಕು. ಕೊನೆಗೆ ತಾನೂ ಒಂದು ಸಹಿ ಹಾಕಬೇಕು. ಕಾಲು ಎತ್ತುವ ಕಾಲ ಹೋಯಿತು. ನಾಲ್ಕೂ ಕಾಲ ಮೇಲೆ ನಿಂತೇ ಹಾಕುತ್ತಾನೆ. ಸಹಿ ಸಹಿಯೇ.

ನಾನು ಅಲ್ಲೇ ನಿಲ್ಲುತ್ತೇನೆ. ಮೊದಲು ಗಡಿಬಿಡಿ ಆಗುತ್ತಿತ್ತು. ಶಾಲೆ ಇತ್ತು, ಹಾಜರಿ ಪುಸ್ತಕ ಇತ್ತು. ಆಗ ನಾನು ಹಗ್ಗ ಜಗ್ಗುತ್ತಿದ್ದೆ ಅನ್ನೋದನ್ನ ಒಪ್ಪಿಕೊಳ್ಳುತ್ತೇನೆ. ಈಗ ಅವನು ಕಂಬ ನೋಡುವಾಗ ನಾನು ಓಣಿ ನೋಡುತ್ತೇನೆ. ಮೂವತ್ತು ವರ್ಷ ಓಡಾಡಿದ ಓಣಿಯಲ್ಲಿ ಒಂದು ಮನೆಯ ಬಾಗಿಲವಾಡಕ್ಕೆ ಕಟ್ಟಿಗೆಯ ಗಿಳಿ ಇದೆ ಅಂತ ಗೊತ್ತಾದದ್ದು ಹೋದ ಶ್ರಾವಣದಲ್ಲಿ. ಕಾಳಪ್ಪ ಆ ಮನೆಯ ಕಟ್ಟೆಗೆ ಹನ್ನೊಂದು ನಿಮಿಷ ಕೊಟ್ಟಿದ್ದ.

ದಾರಿಯಲ್ಲಿ ಸಿಗುವವರದ್ದು ಎರಡೇ ಮಾತು. ಒಂದು, "ಊಟಾ ಹಾಕಂಗಿಲ್ಲೇನ್ರಿ ಸರ?" ಮುಧೋಳ ನಾಯಿ ಸಾಕಿದವರಿಗೆಲ್ಲ ಈ ಮಾತು ಕೇಳಿ ಕೇಳಿ ಸಾಕಾಗಿರುತ್ತೆ. ಉದ್ದ ಮೂತಿ, ಬಿಲ್ಲಿನ ಹಾಗೆ ಒಳಗೆ ಹೋದ ಹೊಟ್ಟೆ, ಎಣಿಸುವಂಥ ಪಕ್ಕೆಲುಬು. ಅದರ ಮೈಕಟ್ಟೇ ಅಂಥಾದ್ದು, ಓಡಲಿಕ್ಕೆ ಮಾಡಿದ ಮೈ. ಎರಡನೆಯ ಮಾತು ಹೆಮ್ಮೆಯದು. "ಇದು ಮಿಲಿಟರಿಗೆ ಹೋಗೂ ನಾಯಿ ಅಲ್ರಿ!" ಹೌದು, ಸೈನ್ಯದವರು ಮುಧೋಳ ನಾಯಿಗಳನ್ನು ಒಯ್ದು ತರಬೇತಿ ಕೊಟ್ಟಿದ್ದಾರೆ. 2005ರಲ್ಲಿ ಅಂಚೆ ಇಲಾಖೆ ಇದರ ಚಿತ್ರದ ಚೀಟಿ ತಂದಿತು. ಮುಧೋಳದ ರಾಜರಾಗಿದ್ದ ಮಾಲೋಜಿರಾವ್ ಘೋರ್ಪಡೆಯವರು ಇಂಗ್ಲೆಂಡಿನ ದೊರೆ ಐದನೇ ಜಾರ್ಜ್‌ಗೆ ಒಂದು ಜೋಡಿ ಕಾಣಿಕೆ ಕೊಟ್ಟಿದ್ದರು. ತಿಮ್ಮಾಪುರದಲ್ಲಿ ಈ ತಳಿಗಾಗಿಯೇ ಸಂಶೋಧನಾ ಕೇಂದ್ರ ಇದೆ. ಇಷ್ಟೆಲ್ಲಾ ಹೇಳುವಷ್ಟರಲ್ಲಿ ಆ ಮನೆತನದ ಕಾಳಪ್ಪನವರು ಒಂದೂವರೆ ಗೇಣಿನ ಗಟಾರ ದಾಟಲೋ ಬೇಡವೋ ಅಂತ ನನ್ನ ಮುಖ ನೋಡುತ್ತಾ ನಿಂತಿರುತ್ತಾರೆ. ನಾನು ಹೊಟ್ಟೆಯ ಕೆಳಗೆ ಕೈ ಕೊಟ್ಟು ದಾಟಿಸುತ್ತೇನೆ. ದಾಟಿದ ಮೇಲೆ ತಾನೇ ಹಾರಿದವನ ಗತ್ತಿನಲ್ಲಿ ಬಾಲ ಎತ್ತಿಕೊಂಡು ಹೋಗುತ್ತಾನೆ.

ಮೂರನೆಯ ಮಾತೂ ಒಂದಿದೆ, ಅದನ್ನು ನಾನು ಕೇಳಿಸಿಕೊಳ್ಳುವುದಿಲ್ಲ. "ಇನ್ನ ಎಷ್ಟ ದಿನರಿ ಇದು?" ಅಂತ. ಯಾರ ಮನೆಯ ಅಜ್ಜನನ್ನು ತೋರಿಸಿ ಹೀಗೆ ಕೇಳುತ್ತಾರೆ? ಕೇಳುತ್ತಾರೆ, ನಿಜ. ಅಜ್ಜನ ಎದುರಿಗೆ ಕೇಳುವುದಿಲ್ಲ ಅಷ್ಟೇ. ಪುಣ್ಯಕ್ಕೆ ಕಾಳಪ್ಪನಿಗೆ ಕಿವಿ ಕೇಳಿಸುವುದಿಲ್ಲ.

ಕಿವಿ ಹೋಗಿ ಎರಡು ವರ್ಷ ಆಯಿತು. ಮೊದಲು ನನ್ನ ಸ್ಕೂಟರ್ ಓಣಿಯ ತಿರುವಿಗೆ ಬಂದರೆ ಸಾಕು, ಗೇಟಿನ ಮೇಲೆ ಎರಡು ಕಾಲು ಇಟ್ಟು ನಿಂತಿರುತ್ತಿದ್ದ. ಒಂದು ಸಂಜೆ ಗೇಟು ತೆಗೆದು ಒಳಗೆ ಬಂದರೂ ಮಲಗೇ ಇದ್ದ. ನನಗೆ ಎದೆ ಧಸಕ್ಕೆಂದಿತು. ಹತ್ತಿರ ಹೋಗಿ ನೋಡಿದರೆ ಪಕ್ಕೆ ಏರಿ ಇಳಿಯುತ್ತಿತ್ತು. ಕಿವುಡ ನಾಯಿಯನ್ನು ಮಲಗಿದ್ದಾಗ ಫಕ್ಕನೆ ಮುಟ್ಟಬಾರದು, ಬೆಚ್ಚಿ ಬೀಳುತ್ತೆ, ಕಚ್ಚಲೂಬಹುದು. ಅದಕ್ಕೇ ನಾನು ಮೂಗಿನ ಮುಂದೆ ಒಂದು ಗೇಣು ದೂರದಲ್ಲಿ ಕೈ ಹಿಡಿಯುತ್ತೇನೆ, ಅಷ್ಟೇ. ಮೊದಲು ಏನೂ ಆಗುವುದಿಲ್ಲ. ಆಮೇಲೆ ಮೂಗಿನ ಹೊಳ್ಳೆ ಸ್ವಲ್ಪ ಅಲುಗುತ್ತೆ. ಎಡಗಡೆಯದು ಮೊದಲು. ನಂತರ ಬಾಲದ ತುದಿ, ಬರೀ ತುದಿ, ಪರ್ಶಿಯ ಮೇಲೆ ಒಂದು ಸಲ ತಟ್ ಅನ್ನುತ್ತೆ. ಕಣ್ಣು ಇನ್ನೂ ಮುಚ್ಚಿದ್ದೇ. ಇನ್ನೊಂದು ತಟ್. ಎಲ್ಲಕ್ಕಿಂತ ಕೊನೆಗೆ ಕಣ್ಣು ತೆರೆಯುತ್ತೆ, ಆ ಹೊತ್ತಿಗೆ ಬಂದದ್ದು ಯಾರು ಅಂತ ಅವನಿಗೆ ಖಾತ್ರಿಯಾಗಿರುತ್ತೆ. ಇದನ್ನು ನೋಡಲಿಕ್ಕೆ ಒಮ್ಮೊಮ್ಮೆ ಕೆಲಸವಿಲ್ಲದಿದ್ದರೂ ಹೊರಗೆ ಹೋಗಿ ಬರುತ್ತೇನೆ.

ಕಿವಿ ಹೋದದ್ದರಿಂದ ಒಂದು ಲಾಭ ಆಯಿತು. ನಮ್ಮ ಬಾಗಲಕೋಟೆಯ ಹೋಳಿ ನಿಮಗೆ ಗೊತ್ತಲ್ಲ. ಹುಣ್ಣಿಮೆಗೆ ಮೊದಲೇ ಹಲಗೆ ವಾದ್ಯ ಬಾರಿಸೋದು ಶುರು. ಆಮೇಲೆ ಬಂಡಿಗಳ ಮೇಲೆ ಬ್ಯಾರೆಲ್‌ಗಟ್ಟಲೆ ಬಣ್ಣ ಹೇರಿಕೊಂಡು ಬರುತ್ತಾರೆ. ಆ ದಿನಗಳಲ್ಲಿ ಕಾಳಪ್ಪ ಜೋಳದ ಚೀಲಗಳ ಹಿಂದೆ ಸೇರಿಕೊಂಡು ನಡುಗುತ್ತಿದ್ದ. ಮೊಲ ಹಿಡಿಯುವ ವಂಶದವನು ಹಲಗೆಗೆ ಹೆದರಿ ಊಟ ಬಿಡುತ್ತಿದ್ದ. ಈ ಸಲ? ಓಣಿಯ ಹುಡುಗರು ನಮ್ಮ ಗೇಟಿನ ಮುಂದೆಯೇ ನಿಂತು ಇಪ್ಪತ್ತು ನಿಮಿಷ ಹಲಗೆ ಬಾರಿಸಿದರು. ಒಬ್ಬ ಅಂತೂ ಬಗ್ಗಿ, ಕಾಳಪ್ಪನಿಗೇ ಕೇಳಲಿ ಅನ್ನೋ ಹಾಗೆ ಬಾರಿಸಿದ. ಕಾಳಪ್ಪ ಪಡಸಾಲೆಯಲ್ಲಿ ನಾಲ್ಕೂ ಕಾಲು ಚಾಚಿ ಗೊರಕೆ ಹೊಡೆಯುತ್ತಿದ್ದ. ನಡುವೆ ಒಮ್ಮೆ ತಲೆ ಎತ್ತಿ ಪರ್ಶಿಯನ್ನು ಅನುಮಾನದಿಂದ ನೋಡಿದ. ನೆಲ ಯಾಕೆ ನಡುಗುತ್ತಿದೆ ಅಂತ ಇರಬೇಕು. ಮತ್ತೆ ಮಲಗಿದ.

ಕಣ್ಣಲ್ಲೂ ನೀಲಿ ಮಬ್ಬು ಬಂದಿದೆ. ನಾನು ಮೋತಿಬಿಂದು ಅಂತಲೇ ತಿಳಿದಿದ್ದೆ. ಡಾಕ್ಟರ್ ಟಾರ್ಚ್ ಬಿಟ್ಟು ನೋಡಿ, ಅಲ್ಲ ಅಂದರು. ವಯಸ್ಸಾದಂತೆ ಕಣ್ಣಿನ ಮಸೂರ ಗಟ್ಟಿಯಾಗಿ ಹಾಗೆ ಕಾಣುತ್ತದಂತೆ, ದೃಷ್ಟಿಗೆ ಅಷ್ಟೇನೂ ತೊಂದರೆ ಇಲ್ಲವಂತೆ. ಪಕ್ಕದ ಮನೆಯ ಬೆಕ್ಕಿಗೆ ಮಾತ್ರ ಇದು ಮನವರಿಕೆಯಾಗಿಲ್ಲ. ಕಂಪೌಂಡಿನ ಮೇಲೆ ಕೂತು, ಅವನ ಎದುರಿಗೇ ಪಾದ ನೆಕ್ಕಿಕೊಳ್ಳುತ್ತೆ. ಕಾಳಪ್ಪ ಗಪ್ಪನೆ ಎದ್ದು ಎರಡು ಹೆಜ್ಜೆ ಓಡುತ್ತಾನೆ. ಆ ಎರಡು ಹೆಜ್ಜೆ ಹಳೆಯ ಹೆಜ್ಜೆಗಳೇ, ಕಣ್ಣಲ್ಲಿ ನೀರು ಬರುವಷ್ಟು ಚಂದ. ಮೂರನೆಯದಕ್ಕೆ ಏನೋ ಮರೆತವನ ಹಾಗೆ ನಿಂತು ಬೇವಿನ ಮರದ ಕಡೆ ತಿರುಗುತ್ತಾನೆ. ಬೆಕ್ಕಿಗೆ ಅವಮಾನ ಆಗಬಾರದಲ್ಲ.

ಅಡುಗೆಮನೆಯ ರಾಜಕೀಯ ಇದಕ್ಕಿಂತ ದೊಡ್ಡದು. ಉಳ್ಳಾಗಡ್ಡಿ ಇಲ್ಲದೆ ನಮ್ಮ ಕಡೆ ಒಂದು ಪಲ್ಯ ಆಗುತ್ತಾ? ಆದರೆ ಉಳ್ಳಾಗಡ್ಡಿ, ಬಳ್ಳೊಳ್ಳಿ ಎರಡೂ ನಾಯಿಗೆ ಆಗದು, ರಕ್ತದ ಕೆಂಪು ಕಣಗಳು ಒಡೆಯುತ್ತವೆ. ಹಿಂದೆ ಗೊತ್ತಿರಲಿಲ್ಲ, ಗೊತ್ತಾದ ಮೇಲೆ ಅವನಿಗೇ ಬೇರೆ ಪಾತ್ರೆ ಬಂತು. ನನಗೆ ಬಿಪಿ, ಉಪ್ಪು ಕಮ್ಮಿ, ಅದಕ್ಕೊಂದು ಪಾತ್ರೆ. ಹೆಂಡತಿಗೆ ಇಬ್ಬರ ಊಟವೂ ಸಪ್ಪೆ, ಅವಳಿಗೊಂದು ಪಾತ್ರೆ. "ಮೂರ ಮಂದಿಗೆ ಮೂರ ಒಲಿ ಹಚ್ಚಾಕತ್ತೀನಿ, ಖಾನಾವಳಿ ಬೋರ್ಡ್ ಒಂದ ಬಾಕಿ ಐತಿ" ಅನ್ನುತ್ತಾಳೆ. ಆದರೆ ಹಾಲಲ್ಲಿ ರೊಟ್ಟಿ ನೆನೆಸಿ, ಕೈಯಿಂದ ಕಿವುಚಿ, ಬಿಸಿ ಆರಿದೆಯಾ ಅಂತ ಬೆರಳು ಅದ್ದಿ ನೋಡುವವಳು ಅವಳೇ. ನನ್ನ ತಾಟಿಗೆ ಯಾರೂ ಬೆರಳು ಅದ್ದಿ ನೋಡುವುದಿಲ್ಲ.

ಖಡಕ್ ರೊಟ್ಟಿ ಅಂದರೆ ಅವನಿಗೆ ಪ್ರಾಣ. ಹಲ್ಲಿದ್ದಾಗ ಕರಂ ಕುರುಂ ಸದ್ದು ಬೀದಿಗೆ ಕೇಳಿಸುತ್ತಿತ್ತು. ಈಗ ದವಡೆ ಹಲ್ಲು ಅರ್ಧ ಇಲ್ಲ. ಆದರೂ ಡಬ್ಬಿಯ ಮುಚ್ಚಳ ತೆಗೆದ ವಾಸನೆಗೆ ಎದ್ದು ಬರುತ್ತಾನೆ. ಒಂದು ಚೂರು ಕೊಟ್ಟರೆ ಮೆತ್ತಗೆ ಬಾಯಲ್ಲಿ ಹಿಡಿದುಕೊಂಡು ಹೋಗಿ, ಮುಂಗಾಲುಗಳ ನಡುವೆ ಇಟ್ಟು ನೆಕ್ಕುತ್ತಾ ಕೂಡುತ್ತಾನೆ. ಅರ್ಧ ತಾಸಿಗೆ ಅದು ತಾನೇ ಮೆತ್ತಗಾಗುತ್ತೆ. ಆಗ ತಿನ್ನುತ್ತಾನೆ. ನನ್ನ ಅವ್ವ ಕಡೆಗಾಲದಲ್ಲಿ ಅಡಿಕೆಯನ್ನು ಹೀಗೇ ದವಡೆಯಲ್ಲಿಟ್ಟುಕೊಂಡು ಕೂಡುತ್ತಿದ್ದಳು.

ಅವ್ವ ಹೊಲಿದ ಕೌದಿಯೇ ಅವನ ಹಾಸಿಗೆ. ಹಳೇ ಇಳಕಲ್ ಸೀರೆಗಳ ತುಂಡು ಕೂಡಿಸಿ ಹೊಲಿದದ್ದು. ಮನೆಗೆ ಹೊಸ ಟೈಲ್ಸ್ ಹಾಕಿಸಿದ ಮೇಲೆ ಕಾಳಪ್ಪನ ಕಾಲು ಜಾರಲು ಶುರುವಾಯಿತು. ಅದು ನನ್ನ ದಡ್ಡತನ. ನಾಯಿಯ ಸಂಧಿವಾತಕ್ಕೆ ನುಣುಪು ನೆಲದಷ್ಟು ಕೆಟ್ಟದ್ದು ಇಲ್ಲ. ಪಡಸಾಲೆಯ ಹಳೇ ಪರ್ಶಿಯನ್ನು ಹಾಗೇ ಬಿಟ್ಟದ್ದೊಂದು ಒಳ್ಳೇದಾಯ್ತು. ಈಗ ಒಳಗೆಲ್ಲ ಗೋಣಿ ತಟ್ಟು ಹಾಸಿದ್ದೇವೆ. ಬಂದವರು ಸುಗ್ಗಿ ಬಂತೇನ್ರಿ ಅನ್ನುತ್ತಾರೆ. ಬೆಂಗಳೂರಿನ ಮಗಳು ನಾಯಿಗಂತಲೇ ಇರುವ ದಪ್ಪ ಹಾಸಿಗೆ ತರಿಸಿ ಕಳಿಸಿದಳು. ಕಾಳಪ್ಪ ಅದನ್ನು ಸುತ್ತು ಹಾಕಿ ಮೂಸಿ ನೋಡಿ, ಕೌದಿಗೇ ಹೋಗಿ ಮಲಗಿದ. ಮಧ್ಯಾಹ್ನ ಆ ಹಾಸಿಗೆಯ ಮೇಲೆ ನಾನು ಮಲಗುತ್ತೇನೆ. ನಿಜ ಹೇಳ್ತೀನಿ, ಸೊಂಟಕ್ಕೆ ಬಹಳ ಒಳ್ಳೇದು. ಮಗಳಿಗೆ ಹೇಳಿಲ್ಲ.

ನಮ್ಮಿಬ್ಬರ ಮಾತ್ರೆಗಳೂ ಒಂದೇ ಮಾಡದಲ್ಲಿದ್ದವು. ನನ್ನ ಮೊಣಕಾಲಿನ ನೋವಿನ ಮಾತ್ರೆಯಲ್ಲಿ ಅರ್ಧ ಅವನಿಗೂ ಕೊಡಿ ಅಂತ ಒಬ್ಬರು ಬುದ್ಧಿ ಹೇಳಿದ್ದರು. ಡಾಕ್ಟರಿಗೆ ಕೇಳಿದೆ, ಬೈಸಿಕೊಂಡೆ. ಮನುಷ್ಯರ ನೋವಿನ ಮಾತ್ರೆಯಿಂದ ನಾಯಿಗೆ ಹೊಟ್ಟೆಯಲ್ಲಿ ಹುಣ್ಣಾಗುತ್ತೆ, ಮೂತ್ರಪಿಂಡ ಕೆಡುತ್ತೆ. ಅಂದಿನಿಂದ ಅವನವು ಕೆಳಗೆ, ನನ್ನವು ಮೇಲೆ. ಅವನ ಮಾತ್ರೆಯನ್ನು ಬೆಣ್ಣೆ ಸವರಿದ ರೊಟ್ಟಿ ತುತ್ತಿನಲ್ಲಿ ಇಟ್ಟು ಕೊಡಬೇಕು. ಬೆಣ್ಣೆ ಹೋಗುತ್ತೆ, ರೊಟ್ಟಿ ಹೋಗುತ್ತೆ, ಮಾತ್ರೆ ಹೊಸದಾಗಿ ತೊಳೆದಂತೆ ನೆಲದ ಮೇಲೆ ಬೀಳುತ್ತೆ. ಮೂರನೇ ತುತ್ತಿಗೆ ಕೆಲಸ ಆಗುತ್ತೆ. ಇದರಲ್ಲಿ ಅವನಿಗೆ ಮೂರು ಪಾಲು ಬೆಣ್ಣೆ ಸಿಗುತ್ತದಲ್ಲ, ಆ ಲೆಕ್ಕ ನನಗಿಂತ ಮೊದಲು ಅವನಿಗೇ ಹೊಳೆದಿದೆ ಅಂತ ನನ್ನ ಗುಮಾನಿ.

ರಾತ್ರಿ ಎರಡಕ್ಕೆ ಏಳುತ್ತಾನೆ. ಉಗುರಿನ ಟಿಕ್ ಟಿಕ್ ಸದ್ದಿಗೆ ನಾನೂ ಏಳುತ್ತೇನೆ. ಹೇಗೂ ಏಳಬೇಕಾಗಿರುತ್ತೆ, ನನಗೂ 61 ಅಂದೆನಲ್ಲ. ಇಬ್ಬರೂ ಹಿತ್ತಲಿಗೆ ಹೋಗಿ ಅವರವರ ಕೆಲಸ ಮುಗಿಸುತ್ತೇವೆ. ಮುಗಿದ ಮೇಲೂ ಅವನು ಒಳಗೆ ಬರುವುದಿಲ್ಲ. ಮೂಗು ಮೇಲೆತ್ತಿ ಹಿನ್ನೀರಿನ ಕಡೆಯಿಂದ ಬರುವ ಗಾಳಿಯನ್ನು ತುಂಡು ತುಂಡಾಗಿ ಎಳೆದುಕೊಳ್ಳುತ್ತಾ ನಿಲ್ಲುತ್ತಾನೆ. ನಾನೂ ಎಳೆದು ನೋಡಿದ್ದೇನೆ. ನನಗೆ ಸಿಕ್ಕದ್ದು ಬೇವಿನ ಹೂವು ಮತ್ತು ಗಟಾರ.

ಹಾಂ, ಸವಾರಿ ಚಹಾದಂಗಡಿ ಮುಟ್ಟಿದ್ದು ಹೇಳಲೇ ಇಲ್ಲ. ಅಲ್ಲೊಂದು ತಗ್ಗು ಕಟ್ಟೆ ಇದೆ. ನಾನು ಕೂಡುತ್ತೇನೆ, ಅವನು ನನ್ನ ಕಾಲ ಬುಡದಲ್ಲಿ ಮೊದಲು ಹಿಂದಿನ ಭಾಗ ಇಳಿಸಿ, ಸ್ವಲ್ಪ ಯೋಚಿಸಿ, ಆಮೇಲೆ ಮುಂದಿನದನ್ನು ಇಳಿಸುತ್ತಾನೆ. ನನಗೆ ಕಟ್ ಚಹಾ. ಅವನಿಗೆ ಸಕ್ಕರೆ ಇಲ್ಲದ ಎರಡು ಗುಟುಕು ಹಾಲು, ಅದಕ್ಕೆ ಅಂಗಡಿಯವನು ರೊಕ್ಕ ಹಿಡಿಯುವುದಿಲ್ಲ. ಬಿಸಿಲು ಕಟ್ಟೆಗೆ ಬರುತ್ತೆ. ಹೊರಡೋಣ ಅಂತ ನಾನು ಮೊಣಕಾಲಿಗೆ ಕೈ ಊರುತ್ತೇನೆ, ಮೊಣಕಾಲು ಒಲ್ಲೆ ಅನ್ನುತ್ತೆ. ಕೆಳಗೆ ಕಾಳಪ್ಪನೂ ಮುಂಗಾಲು ಊರಿ, ಒಂದು ಸಲ ಯತ್ನ ಮಾಡಿ, ಮತ್ತೆ ಕೂತಿರುತ್ತಾನೆ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡುತ್ತೇವೆ.

ಅಂಗಡಿಯವನು ಕೆಟಲ್ ಕೆಳಗಿಟ್ಟು, ಹೆಗಲ ಮೇಲಿನ ಟವೆಲ್ಲಿಗೆ ಕೈ ಒರೆಸಿಕೊಳ್ಳುತ್ತಾ ಬರುತ್ತಾನೆ.

"ಯಾರನ್ನ ಮೊದಲ ಎಬ್ಬಸಲ್ರಿ ಸರ?"

"ವಯಸ್ಸಿನ ಪ್ರಕಾರ ಹೋಗಪಾ" ಅನ್ನುತ್ತೇನೆ.