ಎಂಎಸ್ ಬಂದವರ ಮಿದುಳಿಗೆ ವ್ಯಾಯಾಮ ಮದ್ದೇ?

ಪರ: ಮಲಗಿಸಬೇಡಿ, ನಡೆಸಿ

ಮಲ್ಟಿಪಲ್ ಸ್ಕ್ಲೆರೋಸಿಸ್ (ಎಂಎಸ್) ಎಂದು ಗೊತ್ತಾದ ದಿನವೇ ಬಂಧುಗಳೆಲ್ಲ ಹೇಳುವುದು ಒಂದೇ: ‘ಆಯಾಸ ಮಾಡ್ಕೋಬೇಡ, ಮಲಕ್ಕೋ.’ ಈ ಮಾತಿಗೆ ಎಷ್ಟು ಕಾಲುಗಳು ಬಲಿಯಾದವೋ! ರೋಗನಿರೋಧಕ ಕಣಗಳೇ ತಿರುಗಿಬಿದ್ದು ನರಗಳ ಮೈಲಿನ್ ಹೊದಿಕೆಯನ್ನು ಕೆಡಿಸುವ ಕಾಯಿಲೆ ಇದು. ದಣಿದಾಗ ಇವರ ಕಣ್ಣು ಮಂಜಾಗುವುದನ್ನು ಜರ್ಮನಿಯ ನೇತ್ರವೈದ್ಯ ವಿಲ್ಹೆಲ್ಮ್ ಊಟ್‌ಹಾಫ್ 1890ರಲ್ಲಿ ದಾಖಲಿಸಿದರು. ಮುಂದೆ ದಶಕಗಟ್ಟಲೆ ವೈದ್ಯರು ವಿಶ್ರಾಂತಿಯನ್ನೇ ವಿಧಿಸಿದರು. ಆದರೆ ಮೈ ಬಿಸಿಯೇರಿದಾಗ ಹೊದಿಕೆ ಸವೆದ ನರದಲ್ಲಿ ಸಂದೇಶಕ್ಕೆ ತಡೆಯಾಗುತ್ತದೆ, ತಣಿದರೆ ಮತ್ತೆ ಸಾಗುತ್ತದೆ, ಅಷ್ಟೇ. ಹೊಸ ಗಾಯ ಆಗುವುದಿಲ್ಲ. 1996ರಲ್ಲಿ ಅಮೆರಿಕದ ಯೂಟಾದಲ್ಲಿ ರೋಗಿಗಳಿಗೆ 15 ವಾರ ಏರೋಬಿಕ್ (ಉಸಿರು, ಎದೆಬಡಿತ ಏರಿಸುವ) ವ್ಯಾಯಾಮ ಮಾಡಿಸಿದರು; ಕಸುವು ಹೆಚ್ಚಿತು, ಕಾಯಿಲೆ ಉಲ್ಬಣಿಸಲಿಲ್ಲ. ಚಕ್ರದಲ್ಲಿ ಓಡುವ ಇಲಿಗಳ ಮಿದುಳಿನಲ್ಲಿ ನರಕೋಶಗಳನ್ನು ಪೋಷಿಸುವ ಬಿಡಿಎನ್‌ಎಫ್ ಪ್ರೋಟೀನ್ ಏರುತ್ತದೆ.

ನನ್ನ ಅಕ್ಕನ ಬಲಗಾಲು ಎತ್ತಲು ಬಾರದೆ ಚಪ್ಪಲಿಯ ತುದಿ ನೆಲಕ್ಕೆ ಉಜ್ಜಿ ಸವೆದಿತ್ತು. ಅಡುಗೆಕಟ್ಟೆ ಹಿಡಿದು ನಿಲ್ಲುವುದರಿಂದ ಶುರುಮಾಡಿಸಿದೆ. ಆಮೇಲೆ ಬಿಸಿಲೇರುವ ಮೊದಲೇ, ಕುತ್ತಿಗೆಗೆ ಒದ್ದೆ ಟವೆಲ್ ಸುತ್ತಿ, ಬೀದಿ ಕೊನೆಯ ಹಾಲಿನ ಬೂತಿನವರೆಗೆ. ಮಾತಿನ ನಡುವೆ ಪದ ಸಿಗದೆ ಅಳುತ್ತಿದ್ದವಳು ಈಗ ದಿನಸಿ ಪಟ್ಟಿಯನ್ನು ಚೀಟಿಯಿಲ್ಲದೆ ಹೇಳುತ್ತಾಳೆ. ವ್ಯಾಯಾಮದಿಂದ ಮಿದುಳೇನೂ ಬದಲಾಗಿಲ್ಲ ಎಂದು ಸ್ಕ್ಯಾನ್ ಫಿಲ್ಮ್ ಹಿಡಿದು ವಾದಿಸುವವರಿಗೆ ಮನುಷ್ಯರು ಕಾಣುವುದಿಲ್ಲ. ನಡೆಸಿ, ಇವತ್ತೇ ನಡೆಸಿ.

ವಿರೋಧ: ಮಿದುಳಿನ ಮಾತು ಬೇರೆ

ವಿರೋಧವಾಗಿ ಬರೆಯಲು ನನ್ನನ್ನು ಕೇಳಿದ್ದಾರೆ. ನಡೆಯಬೇಡಿ ಎಂದು ನಾನೂ ಹೇಳಲಾರೆ. ಸ್ನಾಯುಬಲಕ್ಕೆ, ಆಯಾಸಕ್ಕೆ ವ್ಯಾಯಾಮ ಒಳ್ಳೆಯದೇ. ಆದರೆ ಅದು ಮಿದುಳನ್ನು ಕಾಯುತ್ತದೆ ಎನ್ನಲು ಪುರಾವೆ ಸಾಲದು. ಡೆನ್ಮಾರ್ಕಿನಲ್ಲಿ 24 ವಾರ ಏರೋಬಿಕ್ ಮಾಡಿಸಿದರೂ ಮಿದುಳು ಕುಗ್ಗುವುದು ತಗ್ಗಲಿಲ್ಲ ಎಂದು 2021ರಲ್ಲಿ ವರದಿಯಾಯಿತು. 2023ರಲ್ಲಿ ‘ಲ್ಯಾನ್ಸೆಟ್ ನ್ಯೂರಾಲಜಿ’ಯಲ್ಲಿ ಬಂದ ಕಾಗ್‌ಎಕ್ಸ್ ಪ್ರಯೋಗದಲ್ಲಿ, ಕಾಯಿಲೆ ಮುಂದುವರಿಯುತ್ತಲೇ ಇದ್ದ 311 ಜನರಿದ್ದರು. 12 ವಾರ ವ್ಯಾಯಾಮವನ್ನೂ ಮಿದುಳಿನ ತರಬೇತಿಯನ್ನೂ ಒಟ್ಟಿಗೆ ಪಡೆದವರು, ಎರಡನ್ನೂ ನೆಪಮಾತ್ರಕ್ಕೆ ಪಡೆದವರಿಗಿಂತ ಯೋಚನೆಯ ವೇಗದಲ್ಲಿ ಮುಂದೆ ಬರಲಿಲ್ಲ.

ಇಲಿಗಳಿಗೆ ಕಾಯಿಲೆ ಬರಿಸುವುದು ಲ್ಯಾಬಿನಲ್ಲಿ. ಎಷ್ಟೋ ಪ್ರಯೋಗಗಳಲ್ಲಿ ಅವು ಕಾಯಿಲೆಗೆ ಮೊದಲೇ ಓಡಿರುತ್ತವೆ. ಪದ ಮರಳಿ ಸಿಕ್ಕಿದ್ದು ನಡಿಗೆಯಿಂದಲೋ, ನಿದ್ದೆಯಿಂದಲೋ, ಮಾತ್ರೆಯಿಂದಲೋ ಎಂದು ಒಬ್ಬರನ್ನು ನೋಡಿ ಹೇಳಲಾಗದು. ವಾಕಿಂಗ್ ಇದೆಯಲ್ಲ ಎಂದು ಯಾರಾದರೂ ಕಾಯಿಲೆಯನ್ನು ಹತೋಟಿಯಲ್ಲಿಡುವ ದುಬಾರಿ ಇಂಜೆಕ್ಷನ್ ನಿಲ್ಲಿಸಿಬಿಟ್ಟಾರು ಎಂಬುದೇ ನನ್ನ ಭಯ.