ಸ್ಪಷ್ಟನೆ: ಹಳೇ ಗೇಮ್ ಮಷಿನ್‌ನಲ್ಲಿ ‘ಕೆಂಪು ಪಾದರಸ’ ಇಲ್ಲ

ಕಾಯಿನ್ ಹಾಕಿ ಆಡುವ ಹಳೇ ವಿಡಿಯೋ ಗೇಮ್ ಮಷಿನ್‌ಗಳ ಪಿಕ್ಚರ್ ಟ್ಯೂಬ್‌ನಲ್ಲಿ (ಹಳೇ ಟಿವಿಗಳಲ್ಲಿ ಇದ್ದಂಥ ಗಾಜಿನ ಪರದೆ-ಕೊಳವೆ) ಲಕ್ಷಗಟ್ಟಲೆ ಬೆಲೆಯ ‘ಕೆಂಪು ಪಾದರಸ’ ಇದೆ ಅನ್ನೋ ಮೆಸೇಜ್ ಹುಬ್ಬಳ್ಳಿ-ಧಾರವಾಡದ ವಾಟ್ಸಾಪ್ ಗುಂಪುಗಳಲ್ಲಿ ಓಡಾಡುತ್ತಿದೆ. ಅದು ಸುಳ್ಳು. ‘ಕೆಂಪು ಪಾದರಸ’ ಅನ್ನೋದೇ ಒಂದು ಕಟ್ಟುಕಥೆ. ಪಿಕ್ಚರ್ ಟ್ಯೂಬ್‌ನಲ್ಲಿ ಅಂಥದ್ದೇನೂ ಇರುವುದಿಲ್ಲ. 2009ರಲ್ಲಿ ಸೌದಿ ಅರೇಬಿಯಾದಲ್ಲಿ ಹಳೇ ಹೊಲಿಗೆ ಮಷಿನ್ ಬಗ್ಗೆಯೂ ಇದೇ ಗಾಳಿಸುದ್ದಿ ಹಬ್ಬಿತ್ತು!

ಪರದೆಯಲ್ಲಿ ಕೆಂಪಗೆ ಹೊಳೆಯುವುದು ಫಾಸ್ಫರ್ ಪುಡಿ, ಅಂದರೆ ಟ್ಯೂಬ್ ಚಾಲೂ ಇದ್ದಾಗ ಬೆಳಕು ಸೂಸುವ ಪುಡಿ. ಬಣ್ಣದ ಟ್ಯೂಬ್‌ಗಳಲ್ಲಿ ಸಾಮಾನ್ಯವಾಗಿ ಯುರೋಪಿಯಂ ಎಂಬ ಲೋಹ ಬೆರೆಸಿದ, ಯಿಟ್ರಿಯಂ ಎಂಬ ಇನ್ನೊಂದು ಲೋಹದ ಸಂಯುಕ್ತದ ತೆಳುವಾದ ಲೇಪ ಅದು. ಕೆರೆದು ತೆಗೆದರೂ ಲಕ್ಷ ಬರುವುದಿಲ್ಲ.

ನಿಜವಾದ ಭಯ ಒಡೆಯುವುದರಲ್ಲಿದೆ. ಟ್ಯೂಬ್ ಒಳಗೆ ಗಾಳಿಯೇ ಇರುವುದಿಲ್ಲ, ಏಟು ಬಿದ್ದರೆ ಗಾಜು ಒಳಕ್ಕೆ ಕುಸಿದು ಚೂರುಗಳು ಸಿಡಿಯುತ್ತವೆ. ಆ ಗಾಜಿನಲ್ಲಿ ಸೀಸವೂ ಇದೆ. ಬಣ್ಣದ ಟ್ಯೂಬ್ ಸುಮಾರು 20,000 ವೋಲ್ಟ್‌ನಲ್ಲಿ ಕೆಲಸ ಮಾಡುತ್ತದೆ, ಪ್ಲಗ್ ಕಿತ್ತ ಮೇಲೂ ಚಾರ್ಜ್ ಉಳಿದಿರಬಹುದು. ಇಂಥ ಮಷಿನ್ ರಿಪೇರಿ ಮಾಡುವ ನಾನು ಕೂಡ ಚಾರ್ಜ್ ಇಳಿಸದೆ ಕೈ ಹಾಕುವುದಿಲ್ಲ.

ಮೊನ್ನೆ ರಿಪೇರಿಗೆ ಬಂದ ಒಂದು ಮಷಿನ್‌ನ ಬೋರ್ಡ್, ಜಾಯ್‌ಸ್ಟಿಕ್ ಎಲ್ಲ ಚೆನ್ನಾಗಿತ್ತು. ಟ್ಯೂಬ್‌ನ ಕುತ್ತಿಗೆ (ಹಿಂಬದಿಯ ಸಣ್ಣ ಕೊಳವೆ ಭಾಗ) ಮಾತ್ರ ಮುರಿದಿತ್ತು. ಹೊಟ್ಟೆ ಉರಿಯಿತು, ಅಂಥ ಟ್ಯೂಬ್ ಈಗ ಸುಲಭಕ್ಕೆ ಸಿಗುತ್ತಾ?

ದಯವಿಟ್ಟು ಆ ಮೆಸೇಜ್ ಫಾರ್ವರ್ಡ್ ಮಾಡಬೇಡಿ. ಈಗಾಗಲೇ ಕಳಿಸಿದ್ದರೆ ಅದೇ ಗುಂಪಿಗೆ ಇದನ್ನೂ ಹಾಕಿ.