ಸಾವಿನ ಮನೆಯಿಂದ 1,000 ಅಡಿ ದೂರ

ನಮ್ಮ ಮನೆ ಗೇಟಿನಿಂದ ಹಾಲಿನ ಬೂತ್‌ಗೆ 300 ಮೀಟರ್ ಚಿಲ್ಲರೆ. ನಿನ್ನೆ ಬೆಳಿಗ್ಗೆ ಹಾಲು ತರೋಕೆ ಹೋದಾಗ ಫೋನಿನಲ್ಲಿ ಅಳೆದೆ. ಬೂತ್ ಹತ್ತಿರ ನಿಂತು ತಿರುಗಿ ನೋಡಿದರೆ ಗೇಟು ಕಾಣುತ್ತದೆ, ಗೇಟಿನ ಪಕ್ಕ ಬರೆಸಿದ ಮನೆ ಹೆಸರು ಕಾಣುವುದಿಲ್ಲ. ಹೆಂಡತಿ ಅಲ್ಲಿಂದ ಏನೋ ಕೂಗಿದಳು. ಕೇಳಿಸಲಿಲ್ಲ. ಮೊಸರೂ ತನ್ನಿ ಅಂದಿದ್ದಳಂತೆ. ಅದಕ್ಕೆ ಆಮೇಲೆ ಬೈಸಿಕೊಂಡೆ, ಬಿಡಿ.

ಈ ಅಳತೆ ಯಾಕಪ್ಪಾ ಅಂದರೆ, ಹೋದ ವಾರ ನಮ್ಮ ಹೈಸ್ಕೂಲ್ ವಾಟ್ಸಾಪ್ ಗ್ರೂಪಿನಲ್ಲಿ ಜಗಳ ಆಯ್ತು. ಒಬ್ಬ ರಾಜಕಾರಣಿ ತೀರಿಕೊಂಡ ಸುದ್ದಿಗೆ ಒಬ್ಬ ನಗುವ ಇಮೋಜಿ ಹಾಕಿದ. ಕೆಳಗೆ ‘ಭೂಮಿ ಭಾರ ಇಳೀತು’ ಅಂತ ಬರೆದ. ‘ಇಂಥೋರನ್ನ ಎರಡು ದಿನ ಒಳಗೆ ಕೂರಿಸಬೇಕು’ ಅಂತ ಇನ್ನೊಬ್ಬ. ನಾನು ‘ಬೈಯಿರಿ, ಗ್ರೂಪಿಂದ ತೆಗೀರಿ, ಪೊಲೀಸ್ ಯಾಕೆ?’ ಅಂದೆ. ಅಷ್ಟಕ್ಕೇ ಬೈಗುಳ ನನ್ನ ಕಡೆ ತಿರುಗಿತು. ‘ನಿಮ್ಮನೆ ಸಾವಲ್ಲಿ ಹೀಗಾಗಿದ್ರೆ ಹಿಂಗೇ ಮಾತಾಡ್ತಿದ್ಯೇನೋ?’

ನಮ್ಮನೆ ಸಾವಿನಲ್ಲೇ ಆಗಿದೆ. ಅದನ್ನು ಆಮೇಲೆ ಹೇಳ್ತೀನಿ. ಮೊದಲು ಅಮೆರಿಕದ ಕಥೆ.

2006ರ ಮಾರ್ಚ್ 3ರಂದು ಇರಾಕಿನಲ್ಲಿ ಮ್ಯಾಥ್ಯೂ ಸ್ನೈಡರ್ ಎಂಬ 20 ವರ್ಷದ ಮರೀನ್ ಸೈನಿಕ ವಾಹನ ಅಪಘಾತದಲ್ಲಿ ತೀರಿಕೊಂಡ. ಒಂದು ವಾರದ ಮೇಲೆ ಮೇರಿಲ್ಯಾಂಡ್ ರಾಜ್ಯದ ವೆಸ್ಟ್‌ಮಿನ್‌ಸ್ಟರ್ ಅನ್ನೋ ಊರಿನ ಕ್ಯಾಥೊಲಿಕ್ ಚರ್ಚಿನಲ್ಲಿ ಅಂತ್ಯಕ್ರಿಯೆ. ಅಲ್ಲಿಗೆ ದೂರದ ಕಾನ್ಸಾಸ್‌ನಿಂದ ಏಳು ಜನ ಬಂದರು. ಫ್ರೆಡ್ ಫೆಲ್ಪ್ಸ್ ಅನ್ನೋ ಪಾದ್ರಿ, ಅವನ ಇಬ್ಬರು ಹೆಣ್ಣುಮಕ್ಕಳು, ನಾಲ್ವರು ಮೊಮ್ಮಕ್ಕಳು. ಟೊಪೀಕಾ ಊರಿನ ವೆಸ್ಟ್‌ಬರೋ ಬ್ಯಾಪ್ಟಿಸ್ಟ್ ಚರ್ಚಿನವರು. ಚರ್ಚು ಅಂದರೆ ಹೆಚ್ಚುಕಮ್ಮಿ ಅವನ ಸಂಸಾರವೇ.

ಅವರ ಕೈಯಲ್ಲಿ ಬೋರ್ಡುಗಳು. ‘ಸೈನಿಕರು ಸತ್ತಿದ್ದಕ್ಕೆ ದೇವರೇ ನಿನಗೆ ಥ್ಯಾಂಕ್ಸ್’. ‘ನೀನು ನರಕಕ್ಕೇ ಹೋಗೋದು’. ‘ದೇವರಿಗೆ ನಿನ್ನ ಕಂಡರೆ ದ್ವೇಷ’. ಸತ್ತ ಹುಡುಗನ ಮೇಲೆ ಅವರಿಗೇನೂ ಹಗೆ ಇರಲಿಲ್ಲ. ಅವನ ಪರಿಚಯವೂ ಇರಲಿಲ್ಲ. ಅಮೆರಿಕ ಸಲಿಂಗಿಗಳನ್ನು ಸಹಿಸಿಕೊಳ್ಳುತ್ತಿದೆ, ಅದಕ್ಕೆ ದೇವರು ಸೈನಿಕರನ್ನು ಸಾಯಿಸುತ್ತಿದ್ದಾನೆ ಅನ್ನೋದು ಅವರ ವಾದ. ಇಪ್ಪತ್ತು ವರ್ಷದಲ್ಲಿ 600ರ ಹತ್ತಿರ ಅಂತ್ಯಕ್ರಿಯೆಗಳ ಮುಂದೆ ಹೀಗೆ ನಿಂತಿದ್ದರು ಅಂತ ಕೋರ್ಟಿನ ತೀರ್ಪಿನಲ್ಲೇ ಇದೆ.

ಆದರೆ ಅವರು ನಿಂತ ರೀತಿ ನೋಡಿ. ಮುಂಚೆಯೇ ಪೊಲೀಸರಿಗೆ ತಿಳಿಸಿದ್ದರು. ಪೊಲೀಸರು ತೋರಿಸಿದ ಜಾಗದಲ್ಲೇ ನಿಂತರು. ಅದು ರಸ್ತೆ ಪಕ್ಕದ ಸರ್ಕಾರಿ ಜಾಗ, ಚರ್ಚಿನಿಂದ ಸುಮಾರು 1,000 ಅಡಿ. ನಮ್ಮ ಹಾಲಿನ ಬೂತ್‌ನಷ್ಟು ದೂರ. ಅಂತ್ಯಕ್ರಿಯೆಗೆ ಮುಂಚೆ ಅರ್ಧ ಗಂಟೆ ನಿಂತು, ಹಾಡು ಹೇಳಿ, ಬೈಬಲ್ ಓದಿದರು. ಕೂಗಾಟ ಇಲ್ಲ, ಹೊಲಸು ಮಾತಿಲ್ಲ, ಸ್ಮಶಾನದ ಕಡೆ ಹೋಗಲೂ ಇಲ್ಲ. ಆ ಮನೆಯಲ್ಲಿ ವಕೀಲರೇ ಜಾಸ್ತಿ. ಫೆಲ್ಪ್ಸ್‌ನೂ ವಕೀಲನೇ. ಒಂದು ಕಾಲದಲ್ಲಿ ಕರಿಯರ ಹಕ್ಕಿನ ಕೇಸುಗಳನ್ನು ನಡೆಸಿ ಹೆಸರು ಮಾಡಿದ್ದವನು. 1979ರಲ್ಲಿ ಕಾನ್ಸಾಸ್‌ನಲ್ಲಿ ಅವನ ಸನ್ನದು ಹೋಯಿತು. ಕಾನೂನಿನ ಗೆರೆ ಎಲ್ಲಿದೆ ಅಂತ ಗೊತ್ತು, ಅದರ ಮೇಲೆ ಸರಿಯಾಗಿ ಕಾಲಿಟ್ಟು ನಿಲ್ಲೋದೂ ಗೊತ್ತು.

ಹುಡುಗನ ತಂದೆ ಆಲ್ಬರ್ಟ್ ಸ್ನೈಡರ್. ಶವದ ಮೆರವಣಿಗೆ ಬೋರ್ಡ್ ಹಿಡಿದವರಿಂದ 200-300 ಅಡಿ ದೂರದಲ್ಲಿ ಹಾದುಹೋಯಿತು. ಕಾರಿನಿಂದ ತಂದೆಗೆ ಕಂಡಿದ್ದು ಬೋರ್ಡುಗಳ ತುದಿ ಮಾತ್ರ. ಏನು ಬರೆದಿದೆ ಅಂತ ಗೊತ್ತಾಗಿದ್ದು ರಾತ್ರಿ ಟಿವಿ ನ್ಯೂಸ್ ನೋಡಿದಾಗ.

ನಾನು ಈ ಸಾಲನ್ನು ಎರಡು ಸಲ ಓದಿದೆ. ಮಗನನ್ನು ಮಣ್ಣು ಮಾಡಿ ಬಂದು, ರಾತ್ರಿ ಟಿವಿ ಹಾಕಿದರೆ ಅದರಲ್ಲಿ ಇದು.

ಅವರು ಕೇಸು ಹಾಕಿದರು. 2007ರಲ್ಲಿ ಜೂರಿ ಒಟ್ಟು 1.09 ಕೋಟಿ ಡಾಲರ್ ಪರಿಹಾರ ಕೊಡಿಸಿತು. ಜಡ್ಜ್ ಅದನ್ನು 50 ಲಕ್ಷಕ್ಕೆ ಇಳಿಸಿದರು. ಮೇಲಿನ ಕೋರ್ಟು ಅದನ್ನೂ ಹೊಡೆದುಹಾಕಿತು. ಸಾಲದು ಅಂತ ಎದುರು ಪಾರ್ಟಿಯ ಅಪೀಲಿನ ಖರ್ಚು 16,510 ಡಾಲರನ್ನು ತಂದೆಯೇ ಕಟ್ಟಬೇಕು ಅಂದಿತು. ಮೊದಲ ಸಲ ಇದನ್ನು ಓದಿದಾಗ ನಾನು ಆ ಪುಟ ಮುಚ್ಚಿ ಎದ್ದುಹೋಗಿದ್ದೆ. ಇದೆಂಥಾ ನ್ಯಾಯ ಅನಿಸಿತ್ತು. ಆ ಖರ್ಚಿನ ವಿಷಯದಲ್ಲಿ ಈಗಲೂ ಹಾಗೇ ಅನಿಸುತ್ತದೆ.

ಸುಪ್ರೀಂ ಕೋರ್ಟಿಗೆ ಬಂದಾಗ 48 ರಾಜ್ಯಗಳು ತಂದೆಯ ಪರ ನಿಂತವು. ಫೆಲ್ಪ್ಸ್ ಕಡೆಗೆ ಅವನ ಮಗಳೇ ವಾದ ಮಾಡಿದಳು. ಪತ್ರಿಕಾ ಸಂಸ್ಥೆಗಳು ಅವನ ಪರ ಬಂದವು. ಅವನ ಮೇಲಿನ ಪ್ರೀತಿಗಲ್ಲ. ‘ಮನಸ್ಸಿಗೆ ನೋವಾಯಿತು’ ಅಂತ ಒಬ್ಬ ಕೋಟಿ ವಸೂಲಿ ಮಾಡಿದರೆ ನಾಳೆ ವ್ಯಂಗ್ಯಚಿತ್ರ ಬರೆಯುವವನ ಗತಿ ಏನು ಅನ್ನೋ ಭಯ. 2011ರ ಮಾರ್ಚ್ 2ರಂದು ತೀರ್ಪು ಬಂತು. ಎಂಟು ಜಡ್ಜ್‌ಗಳು ಫೆಲ್ಪ್ಸ್ ಪರ, ಒಬ್ಬರು ತಂದೆಯ ಪರ.

ಮುಖ್ಯ ನ್ಯಾಯಮೂರ್ತಿ ಜಾನ್ ರಾಬರ್ಟ್ಸ್ ಬರೆದದ್ದರ ಸಾರ ಇಷ್ಟು. ಬೋರ್ಡಿನಲ್ಲಿದ್ದದ್ದು ಎಷ್ಟೇ ಕೆಟ್ಟದಾಗಿರಲಿ, ಯುದ್ಧ, ಸೇನೆ, ದೇಶದ ನಡತೆ, ಇವೆಲ್ಲ ಊರಿನ ಎಲ್ಲರಿಗೂ ಸೇರಿದ ವಿಷಯ. ನಿಂತದ್ದು ಸರ್ಕಾರಿ ಜಾಗ. ಮಾತು ದೊಡ್ಡ ನೋವು ಕೊಡಬಹುದು, ಇಲ್ಲಿ ಕೊಟ್ಟಿದೆ ಕೂಡ. ಹಾಗಂತ ಮಾತಾಡಿದವನನ್ನು ಶಿಕ್ಷಿಸೋಕಾಗಲ್ಲ. ಇನ್ನೊಂದು ಮಾತನ್ನೂ ಹೇಳಿದರು, ಅದು ಜಾಸ್ತಿ ಜನಕ್ಕೆ ಗೊತ್ತಿಲ್ಲ. ಎಲ್ಲಿ ನಿಲ್ಲಬೇಕು, ಯಾವ ಹೊತ್ತಿನಲ್ಲಿ, ಎಷ್ಟು ದೂರ ಅಂತ ಸರ್ಕಾರ ಕಾನೂನು ಮಾಡಬಹುದು. ಮೇರಿಲ್ಯಾಂಡ್‌ನಲ್ಲಿ 2006ರಲ್ಲಿ ಅಂಥ ಕಾನೂನು ಇರಲಿಲ್ಲ, ಆಮೇಲೆ ಬಂತು. ಇಡೀ ದೇಶಕ್ಕೆ 2012ರಲ್ಲಿ ಬಂದ ಕಾನೂನಿನ ಪ್ರಕಾರ ಸೈನಿಕರ ಅಂತ್ಯಕ್ರಿಯೆಗೆ ಎರಡು ಗಂಟೆ ಮುಂಚಿನಿಂದ ಎರಡು ಗಂಟೆ ಆಮೇಲಿನವರೆಗೆ, 300 ಅಡಿ ಒಳಗೆ ಅಡ್ಡಿ ಮಾಡುವಂತಿಲ್ಲ. ಬೋರ್ಡಿನಲ್ಲಿ ಏನಿದೆ ಅಂತ ಓದೋಕೆ ಹೋಗಬೇಡಿ, ಟೇಪ್ ಹಿಡಿದು ಅಳೀರಿ ಅಂದ ಹಾಗೆ.

ಒಂಟಿಯಾಗಿ ತಂದೆಯ ಪರ ಬರೆದವರು ಸ್ಯಾಮುಯೆಲ್ ಅಲಿಟೊ. ಅವರ ಪ್ರಶ್ನೆ ನನಗೆ ಇನ್ನೂ ಚುಚ್ಚುತ್ತದೆ. ಮಾತಾಡೋಕೆ ಇಡೀ ದೇಶ ಇದೆ, ಇವರು ಈ ಮನೆಯ ದುಃಖವನ್ನೇ ಆರಿಸಿಕೊಂಡದ್ದು ಯಾಕೆ? ಕ್ಯಾಮೆರಾ ಬರುತ್ತದೆ ಅಂತ ತಾನೇ? ಈ ತಂದೆ ಮಂತ್ರಿ ಅಲ್ಲ, ನಟ ಅಲ್ಲ. ಅವರು ಕೇಳಿದ್ದು ಮಗನನ್ನು ನೆಮ್ಮದಿಯಾಗಿ ಕಳಿಸಿಕೊಡೋಕೆ ಒಂದು ಗಂಟೆ.

ಇದಕ್ಕೆ ನನ್ನ ಹತ್ತಿರ ಪೂರ್ತಿ ಉತ್ತರ ಇಲ್ಲ. ಆದರೂ ನಾನು ಆ ಎಂಟು ಜನರ ಪಕ್ಕ ನಿಲ್ಲುತ್ತೇನೆ. ಯಾಕೆ ಅಂತ ಹೇಳೋಕೆ ನಮ್ಮೂರಿಗೆ ಬರಬೇಕು.

ನಾನು ಏಳನೇ ಕ್ಲಾಸಿನಲ್ಲಿದ್ದಾಗ ನಮ್ಮ ಚಿಕ್ಕ ತಾತ ಹೋದರು. ಊರಲ್ಲಿ ದೊಡ್ಡ ಕುಳ. ತಮಟೆಯವರು, ಹೂವಿನ ಚಟ್ಟ, ಪುರಿ ಎರಚೋರು, ಎಲ್ಲ ಜೋರಾಗಿತ್ತು. ಹೆಣ ಅರಳಿಕಟ್ಟೆ ಹತ್ತಿರ ಬಂದಾಗ ಒಬ್ಬ ಹೆಂಗಸು ಓಡಿಬಂದಳು. ಕೆಳಗಿನ ಬೀದಿಯವಳು, ವಿಧವೆ, ಕೂಲಿಗೆ ಹೋಗೋಳು. ಬಗ್ಗಿ ಹಿಡಿ ಮಣ್ಣು ತಗೊಂಡು ಚಟ್ಟದ ಮೇಲೆ ತೂರಿದಳು. ‘ನನ್ನ ಹೊಲ ನುಂಗ್ದೋನೆ, ಇವತ್ತು ಆರಡಿ ಸಾಕಾಯ್ತಾ ನಿಂಗೆ?’ ಅಂದಳು. ತಮಟೆ ನಿಂತುಹೋಯಿತು. ಆ ಮಣ್ಣು ನನ್ನ ಬಿಳಿ ಅಂಗಿ ಮೇಲೂ ಬಿತ್ತು.

ಚಿಕ್ಕಪ್ಪಂದಿರು ಹೊಡೆಯೋಕೆ ನುಗ್ಗಿದರು. ನಮ್ಮ ಅಜ್ಜಿ, ಹೋದವರ ಅತ್ತಿಗೆ, ತಡೆದರು. ‘ಬಿಡ್ರೋ, ಅವಳ ಹೊಟ್ಟೆ ಉರಿ ಅವಳು ಹೇಳ್ಕತಾಳೆ. ನಡೀರಿ ಮುಂದಕ್ಕೆ.’ ತಮಟೆ ಮತ್ತೆ ಶುರುವಾಯಿತು. ಅವಳು ಕಟ್ಟೆ ಮೇಲೆ ಕೂತು, ನಾವು ತೋಟದ ತಿರುವು ದಾಟುವವರೆಗೂ ಶಾಪ ಹಾಕುತ್ತಲೇ ಇದ್ದಳು.

ಅವತ್ತು ಯಾರಾದರೂ ಸ್ಟೇಷನ್ನಿಗೆ ಹೋಗಿದ್ದರೆ ಕೇಸು ಗ್ಯಾರಂಟಿ ಆಗುತ್ತಿತ್ತು. ನೋಯಿಸುವ ಉದ್ದೇಶದಿಂದ ಅಂತ್ಯಕ್ರಿಯೆಗೆ ಸೇರಿದವರಿಗೆ ತೊಂದರೆ ಕೊಡುವುದು ನಮ್ಮಲ್ಲಿ ಅಪರಾಧ. ಆಗ ಐಪಿಸಿ 297, ಈಗ ಭಾರತೀಯ ನ್ಯಾಯ ಸಂಹಿತೆಯ 301. ಒಂದು ವರ್ಷದವರೆಗೆ ಜೈಲು. ಸತ್ತವರ ಮಾನ ಕಳೆಯುವ ಮಾತಾಡಿದರೆ, ಮನೆಯವರನ್ನು ನೋಯಿಸೋ ಉದ್ದೇಶ ಇದ್ದರೆ, ಅದು ಮಾನಹಾನಿ ಕೂಡ. ನಮ್ಮ ಸಂವಿಧಾನದ 19ನೇ ವಿಧಿ ಮಾತಿನ ಹಕ್ಕು ಕೊಟ್ಟ ಕೈಯಲ್ಲೇ ಸಭ್ಯತೆ, ಸಾರ್ವಜನಿಕ ಶಾಂತಿ, ಮಾನಹಾನಿ ಅಂತ ಬೇಲಿಯನ್ನೂ ಹಾಕಿದೆ. ಫೆಲ್ಪ್ಸ್ ಇಲ್ಲಿ ಹುಟ್ಟಿದ್ದರೆ ಮೊದಲನೇ ಸಾವಿಗೇ ಒಳಗೆ ಹೋಗುತ್ತಿದ್ದ. ಒಳ್ಳೆಯದೇ ಅಲ್ವಾ ಅಂತೀರಿ. ಆದರೆ ಅವನ ಪಕ್ಕದ ಸೆಲ್ಲಿನಲ್ಲಿ ನಮ್ಮೂರ ಆ ಹೆಂಗಸೂ ಇರುತ್ತಿದ್ದಳು.

ನಿಜ, ಇಬ್ಬರೂ ಒಂದೇ ಅಲ್ಲ. ಅವಳಿಗೆ ಸತ್ತವರ ಜೊತೆ ಲೆಕ್ಕ ಇತ್ತು, ಫೆಲ್ಪ್ಸ್‌ಗೆ ಆ ಹುಡುಗನ ಜೊತೆ ಯಾವ ಲೆಕ್ಕವೂ ಇರಲಿಲ್ಲ. ನನಗೆ ಈ ವ್ಯತ್ಯಾಸ ಕಾಣುತ್ತದೆ. ಅವತ್ತು ಹೊಡೆಯೋಕೆ ಹೋದ ಚಿಕ್ಕಪ್ಪಂದಿರಿಗೆ ಕಂಡಿತ್ತಾ? ಕೇಸು ಬರೆದುಕೊಳ್ಳೋ ಪೇದೆಗೆ ಕಾಣುತ್ತಿತ್ತಾ? ದೂರು ಕೊಡೋಕೆ ಕಾರಿನಲ್ಲಿ ಹೋಗೋರು ಯಾರು, ಪೊಲೀಸ್ ಜೀಪಿನಲ್ಲಿ ಒಳಗೆ ಹೋಗೋರು ಯಾರು ಅಂತ ನಿಮಗೂ ಗೊತ್ತು. ಯಾವುದು ಅತಿರೇಕ ಅಂತ ತೀರ್ಮಾನ ಮಾಡೋರು ಸಾಮಾನ್ಯವಾಗಿ ಚಟ್ಟ ಹೊತ್ತವರೇ ಆಗಿರುತ್ತಾರೆ.

ಆದರೂ ದೂರದ ನಿಯಮ ಬೇಕು. ಅವಳು ಮಣ್ಣು ತೂರಿದ್ದು ಸರಿ ಅಂತ ನಾನು ಹೇಳಲ್ಲ. ಹೆಣದ ಹತ್ತಿರ ಬರಬೇಡ, ದಾರಿಗೆ ಅಡ್ಡ ನಿಲ್ಲಬೇಡ, ಕಟ್ಟೆ ಮೇಲೆ ಕೂತು ಏನು ಬೇಕಾದರೂ ಹೇಳು. ಅಜ್ಜಿ ಮಾಡಿದ್ದೂ ಇದನ್ನೇ.

2014ರಲ್ಲಿ ಅನಂತಮೂರ್ತಿ ತೀರಿಕೊಂಡಾಗ ಮಂಗಳೂರು, ಚಿಕ್ಕಮಗಳೂರಿನಲ್ಲಿ ಕೆಲವರು ಪಟಾಕಿ ಹೊಡೆದರು. 2017ರಲ್ಲಿ ಗೌರಿ ಲಂಕೇಶ್ ಕೊಲೆಯಾದ ದಿನ ಟ್ವಿಟ್ಟರ್‌ನಲ್ಲಿ ಖುಷಿಪಟ್ಟವರನ್ನೂ ನೋಡಿದ್ದೇವೆ. ಎರಡು ಸಲವೂ ನನಗೆ ಮೈ ಉರಿದಿತ್ತು. ಪಟಾಕಿ ಹೊಡೆದವರ ಮುಖ ನೋಡೋಕೂ ನನಗಿಷ್ಟ ಇಲ್ಲ. ಹಾಗಂತ ಅವರ ಮೇಲೆ ಬಳಸಿದ ಕಾನೂನು ಅವರ ಹತ್ತಿರವೇ ನಿಲ್ಲುತ್ತದೆ ಅಂತ ನಂಬೋಷ್ಟು ಮುಗ್ಧನೂ ಅಲ್ಲ.

ಅಮೆರಿಕದವರು ಸುಮ್ನೆ ಕೂರಲಿಲ್ಲ ಅನ್ನೋದೂ ಗೊತ್ತಿರಲಿ. ಮ್ಯಾಥ್ಯೂ ಶೆಪರ್ಡ್ ಅನ್ನೋ ಸಲಿಂಗಿ ಹುಡುಗನನ್ನು 1998ರಲ್ಲಿ ಹೊಡೆದು ಕೊಂದರು. ಅವನ ಅಂತ್ಯಕ್ರಿಯೆಗೂ ಫೆಲ್ಪ್ಸ್ ಬೋರ್ಡ್ ಹಿಡಿದು ಹೋಗಿದ್ದ, ಮರುವರ್ಷ ಕೊಲೆ ಕೇಸಿನ ವಿಚಾರಣೆಗೂ ಹೋದ. ಆಗ ಶೆಪರ್ಡ್‌ನ ಸ್ನೇಹಿತರು ಬಿಳಿ ಬಟ್ಟೆಯಲ್ಲಿ ದೊಡ್ಡ ದೊಡ್ಡ ದೇವತೆ ರೆಕ್ಕೆ ಕಟ್ಟಿಕೊಂಡು ಬಂದು ಫೆಲ್ಪ್ಸ್ ಮುಂದೆ ಸಾಲಾಗಿ ನಿಂತರು. ಒಂದು ಮಾತೂ ಆಡಲಿಲ್ಲ. ರೆಕ್ಕೆ ಹಿಂದೆ ಬೋರ್ಡು ಮುಚ್ಚಿಹೋಯಿತು. 2005ರಿಂದ ಪೇಟ್ರಿಯಟ್ ಗಾರ್ಡ್ ರೈಡರ್ಸ್ ಅಂತ ಬೈಕ್ ಸವಾರರು ಸೈನಿಕರ ಮನೆಯವರು ಕರೆದ ಕಡೆಗೆಲ್ಲ ಹೋಗಿ, ಬಾವುಟ ಹಿಡಿದು ಗೋಡೆ ಥರ ನಿಲ್ಲುತ್ತಾರೆ.

ಫೆಲ್ಪ್ಸ್ ಮೊಮ್ಮಗಳು ಮೇಗನ್ ಫೆಲ್ಪ್ಸ್ ರೋಪರ್ ಐದು ವರ್ಷದ ಮಗುವಿನಿಂದ ಬೋರ್ಡ್ ಹಿಡಿದವಳು. ಟ್ವಿಟ್ಟರ್‌ನಲ್ಲಿ ಜಗಳಕ್ಕೆ ಬಂದವರ ಜೊತೆ ಮಾತಾಡ್ತಾ ಮಾತಾಡ್ತಾ ಮನಸ್ಸು ತಿರುಗಿ, 2012ರಲ್ಲಿ ಮನೆ ಬಿಟ್ಟು ಬಂದಳು. ತಾತ 2014ರ ಮಾರ್ಚ್‌ನಲ್ಲಿ ಸತ್ತ. ಆ ಚರ್ಚು ಅಂತ್ಯಕ್ರಿಯೆಯನ್ನೇ ಮಾಡಲಿಲ್ಲ. ಎರಡು ದಿನಕ್ಕೆ ಆ ಚರ್ಚಿನವರು ಕಾನ್ಸಾಸ್ ಸಿಟಿಯ ಒಂದು ಸಂಗೀತ ಕಾರ್ಯಕ್ರಮದ ಹೊರಗೆ ಎಂದಿನಂತೆ ಬೋರ್ಡ್ ಹಿಡಿದು ನಿಂತಿದ್ದರು. ಎದುರಿಗೆ ನಿಂತವರ ಕೈಯಲ್ಲೂ ಒಂದು ದೊಡ್ಡ ಬೋರ್ಡ್ ಇತ್ತು. ‘ನಿಮ್ಮ ಮನೆ ದುಃಖಕ್ಕೆ ನಮಗೂ ಬೇಜಾರಾಯಿತು’ ಅನ್ನೋ ಅರ್ಥದ್ದು.

ನಮ್ಮೂರ ಕಥೆ ಇಷ್ಟು ಚೆನ್ನಾಗಿ ಮುಗಿಯಲಿಲ್ಲ. ತಿಥಿ ದಿನ ಅಜ್ಜಿ ನನ್ನ ಕೈಯಲ್ಲೇ ಆ ಹೆಂಗಸಿನ ಮನೆಗೆ ಊಟ ಕಳಿಸಿದರು. ಒಬ್ಬಟ್ಟು, ಕೋಸಂಬರಿ, ಅನ್ನ, ಸಾರು. ಅವಳು ನನ್ನ ಕೈಯಿಂದ ಡಬ್ಬಿ ತಗೊಂಡು ಜಗಲಿ ಮೇಲಿಟ್ಟಳು, ‘ಕೂತ್ಕೋ ಮಗ, ನೀರು ಕುಡಿ’ ಅಂದಳು. ಕುಡಿದೆ. ಆಮೇಲೆ ಮುಚ್ಚಳ ತೆಗೆಯದೆ ಡಬ್ಬಿಯನ್ನು ಹಾಗೇ ವಾಪಸ್ ಕೊಟ್ಟಳು.

ಅವಳು ಹೋಗಿ ಹನ್ನೆರಡು ವರ್ಷ ಆಯಿತು. ಆ ಹೊಲದ ಪಹಣಿ ಇವತ್ತಿಗೂ ಚಿಕ್ಕ ತಾತನ ಮಕ್ಕಳ ಹೆಸರಲ್ಲೇ ಇದೆ.